ಮಕ್ಕಳ ಗುಟ್ಟಿನ ಭಾಷೆ ಪ್ಯಾರಿಸ್‌ನಲ್ಲಿ ಗೆದ್ದ ಕಥೆ

ಸುವರ್ಣ ಮಹೋತ್ಸವದ ಸ್ಮರಣ ಸಂಚಿಕೆಗೆ ಇತಿಹಾಸ ವಿಷಯದ ಲೇಖನವೊಂದನ್ನು ಬರೆದುಕೊಡಿ ಎಂದು ಸಂಪಾದಕ ಮಂಡಳಿಯವರು ಕೇಳಿದರು. ನಮ್ಮೂರಿನ ವೀರಗಲ್ಲುಗಳ ಬಗ್ಗೆ, ಕೆರೆ ಏರಿಯ ಶಾಸನದ ಬಗ್ಗೆ ಬೇರೆಯವರು ಬರೆಯುತ್ತಿದ್ದಾರೆ. ಶಾಲೆ ಕಟ್ಟಿದ ಕಥೆ ಹೇಳಲು ನನಗಿಂತ ಹಿರಿಯರಿದ್ದಾರೆ. ಹೀಗಾಗಿ ಇಲ್ಲಿ ಸಮಾಜ ವಿಜ್ಞಾನ ಪಾಠ ಮಾಡಿದ ನಾನು ಬಹು ದೂರದ ಒಂದು ಸಂಗತಿಯನ್ನು ಆರಿಸಿಕೊಂಡಿದ್ದೇನೆ. 1975ರಲ್ಲಿ ಆರಂಭವಾದ ನಮ್ಮ ಶಾಲೆಯ ಮೊದಲ ತಂಡದವರು ಎಸ್ಸೆಸ್ಸೆಲ್ಸಿ ಪರೀಕ್ಷೆ ಬರೆದದ್ದು 1978ರ ಬೇಸಿಗೆಯಲ್ಲಿ. ಅದೇ ಬೇಸಿಗೆಯ ಏಪ್ರಿಲ್ 22ರ ರಾತ್ರಿ, ಪ್ಯಾರಿಸ್ ನಗರದಲ್ಲಿ, ಹೀಬ್ರೂ ಭಾಷೆಯ ಒಂದು ಹಾಡು ಯೂರೋವಿಷನ್ ಎಂಬ ಅಂತರರಾಷ್ಟ್ರೀಯ ಗೀತ ಸ್ಪರ್ಧೆಯಲ್ಲಿ ಮೊದಲ ಸ್ಥಾನ ಪಡೆಯಿತು. ಹಾಡಿನ ಹೆಸರು ‘ಅ-ಬ-ನಿ-ಬಿ’.

ಒಂದು ಸಿನಿಮಾ ಹಾಡಿನಂಥ ಹಾಡು ಗೆದ್ದರೆ ಅದರಲ್ಲಿ ಇತಿಹಾಸವೇನು ಬಂತು ಎಂದು ನೀವು ಕೇಳಬಹುದು. ಆ ಹಾಡಿನ ಹೆಸರಿನಲ್ಲೇ ಸುಮಾರು ನೂರು ವರ್ಷಗಳ ಇತಿಹಾಸ ಅಡಗಿದೆ, ಅದರಲ್ಲಿ ಬಹುಪಾಲು ಶಾಲಾ ಮೇಷ್ಟರುಗಳದು ಎಂಬುದು ನನ್ನ ಅಭಿಪ್ರಾಯ.

ಮೊದಲು ಸ್ಪರ್ಧೆಯ ವಿಚಾರ ತಿಳಿಯೋಣ. ಎರಡನೆಯ ಮಹಾಯುದ್ಧದ ನಂತರ ಯೂರೋಪಿನ ರೇಡಿಯೊ ಮತ್ತು ಟೆಲಿವಿಷನ್ ಸಂಸ್ಥೆಗಳು ಸೇರಿ ಯೂರೋಪಿಯನ್ ಬ್ರಾಡ್‌ಕಾಸ್ಟಿಂಗ್ ಯೂನಿಯನ್ ಎಂಬ ಒಕ್ಕೂಟ ಮಾಡಿಕೊಂಡವು. ಹಲವು ದೇಶಗಳಿಗೆ ಏಕಕಾಲದಲ್ಲಿ ನೇರ ಪ್ರಸಾರ ಮಾಡಬಹುದೆಂದು ತೋರಿಸಲು ಈ ಒಕ್ಕೂಟ 1956ರಲ್ಲಿ ಸ್ವಿಟ್ಜರ್ಲೆಂಡಿನ ಲುಗಾನೊದಲ್ಲಿ ಗೀತ ಸ್ಪರ್ಧೆಯೊಂದನ್ನು ಆರಂಭಿಸಿತು. ಆಗ ಇದ್ದದ್ದು 7 ದೇಶಗಳು. ಇಸ್ರೇಲ್ ಇರುವುದು ಏಷ್ಯಾ ಖಂಡದಲ್ಲಿ, ಅದಕ್ಕೆ ಯೂರೋಪಿನ ಸ್ಪರ್ಧೆಯಲ್ಲಿ ಏನು ಕೆಲಸ ಎಂಬುದು ನಮ್ಮ ವಿದ್ಯಾರ್ಥಿಗಳು ಕೂಡಲೇ ಕೇಳುವ ಪ್ರಶ್ನೆ. ಆ ಒಕ್ಕೂಟದ ಪ್ರಸಾರ ವಲಯ ಮೆಡಿಟರೇನಿಯನ್ ಸಮುದ್ರದ ಎರಡೂ ದಡಗಳಿಗೆ ಹಬ್ಬಿದೆ. ಜೋರ್ಡಾನ್, ಲೆಬನಾನ್, ಮೊರಾಕ್ಕೊ ದೇಶಗಳ ಪ್ರಸಾರ ಸಂಸ್ಥೆಗಳೂ ಅದರ ಸದಸ್ಯರೇ. ಇಸ್ರೇಲ್ ಮೊದಲ ಬಾರಿ ಭಾಗವಹಿಸಿದ್ದು 1973ರಲ್ಲಿ, ಲಕ್ಸೆಂಬರ್ಗಿನಲ್ಲಿ. ಅದಕ್ಕೆ ಹಿಂದಿನ ವರ್ಷವಷ್ಟೇ ಮ್ಯೂನಿಕ್ ಒಲಿಂಪಿಕ್ಸ್‌ನಲ್ಲಿ ಇಸ್ರೇಲಿ ಕ್ರೀಡಾಪಟುಗಳ ಹತ್ಯೆ ನಡೆದಿತ್ತು. ಬಿಗಿ ಕಾವಲಿನ ನಡುವೆ ಇಲಾನಿತ್ ಎಂಬ ಗಾಯಕಿ ಹಾಡಿ ನಾಲ್ಕನೆಯ ಸ್ಥಾನ ಪಡೆದರು.

1978ರಲ್ಲಿ ಪ್ಯಾರಿಸ್‌ಗೆ ಬಂದದ್ದು 20 ದೇಶಗಳ ಹಾಡುಗಳು. ಪ್ರತಿ ದೇಶದ ತೀರ್ಪುಗಾರರು ತಮಗೆ ಹೆಚ್ಚು ಮೆಚ್ಚುಗೆಯಾದ ಹತ್ತು ಹಾಡುಗಳಿಗೆ 1ರಿಂದ 8, ಆಮೇಲೆ 10, ಕೊನೆಗೆ 12 ಎಂದು ಅಂಕ ಕೊಡುತ್ತಾರೆ. ತಮ್ಮ ದೇಶಕ್ಕೆ ತಾವೇ ಅಂಕ ಹಾಕುವಂತಿಲ್ಲ. ಇಸ್ರೇಲಿಗೆ 157 ಅಂಕ ಬಂತು, ಎರಡನೆಯ ಸ್ಥಾನದ ಬೆಲ್ಜಿಯಂಗೆ 125. ಯೂರೋಪಿನ ಹೊರಗಿನ ದೇಶವೊಂದು ಈ ಸ್ಪರ್ಧೆಯಲ್ಲಿ ಗೆದ್ದದ್ದು ಅದೇ ಮೊದಲು. ಹಾಡಿದವರು ಇಜ್ಹಾರ್ ಕೋಹೆನ್ ಮತ್ತು ‘ಅಲ್ಫಾಬೇಟಾ’ ಎಂಬ ತಂಡ. ಸಾಹಿತ್ಯ ಎಹೂದ್ ಮನೋರ್ ಅವರದು. ಸಂಗೀತ ನೂರಿತ್ ಹಿರ್ಶ್ ಎಂಬ ಮಹಿಳೆಯದು. ವೇದಿಕೆಯ ಮುಂದೆ ನಿಂತು ವಾದ್ಯವೃಂದವನ್ನು ನಡೆಸಿದವರೂ ಅವರೇ. ಗಂಡಸರೇ ತುಂಬಿದ್ದ ಆ ಜಾಗದಲ್ಲಿ ಹೆಂಗಸೊಬ್ಬರು ಕೋಲು ಹಿಡಿದು ನಿಲ್ಲುವುದು ಆಗ ಅಪರೂಪದ ನೋಟ.

ಈಗ ಹೆಸರಿನ ವಿಚಾರ. ‘ಅ-ಬ-ನಿ-ಬಿ’ ಎಂದರೆ ನಿಘಂಟಿನಲ್ಲಿ ಅರ್ಥ ಸಿಗುವುದಿಲ್ಲ. ಹೀಬ್ರೂವಿನಲ್ಲಿ ‘ಅನಿ’ ಎಂದರೆ ‘ನಾನು’. ಅಲ್ಲಿನ ಮಕ್ಕಳು ಆಟಕ್ಕೆ ಮಾಡಿಕೊಂಡ ಒಂದು ಗುಟ್ಟಿನ ಭಾಷೆ ಇದೆ. ಅದಕ್ಕೆ ‘ಬೆತ್ ಭಾಷೆ’ ಎಂದು ಹೆಸರು. ಬೆತ್ ಎಂದರೆ ಅವರ ವರ್ಣಮಾಲೆಯ ಎರಡನೆಯ ಅಕ್ಷರ, ನಮ್ಮ ‘ಬ’. ಅದರ ನಿಯಮವನ್ನು ನಮ್ಮ ಕಾಗುಣಿತ ಬಲ್ಲವರಿಗೆ ಒಂದೇ ಮಾತಿನಲ್ಲಿ ಹೇಳಬಹುದು. ಪ್ರತಿ ಅಕ್ಷರದ ಮುಂದೆ ಅದೇ ಸ್ವರದ ‘ಬ’ ಕಾಗುಣಿತ ಸೇರಿಸುವುದು. ಅಕಾರ ಬಂದರೆ ಬ, ಇಕಾರ ಬಂದರೆ ಬಿ, ಓಕಾರ ಬಂದರೆ ಬೋ. ಅವರ ‘ಶಾಲೋಂ’ ಎಂಬ ನಮಸ್ಕಾರ ‘ಶಾಬಾಲೋಬೋಂ’ ಆಗುತ್ತದೆ. ಕನ್ನಡಕ್ಕೆ ಹಚ್ಚಿ ನೋಡಿದರೆ ‘ಮನೆ’ ಎಂಬುದು ‘ಮಬನೆಬೆ’.

ಇದನ್ನು ಓದುತ್ತಿರುವ ಹಳೆಯ ವಿದ್ಯಾರ್ಥಿನಿಯರು ನಗುತ್ತಿರಬಹುದು. ನಮ್ಮ ಶಾಲೆಯ ಹುಡುಗಿಯರು ಗುಂಪು ಕಟ್ಟಿಕೊಂಡು ಆಡುತ್ತಿದ್ದ ‘ಕ ಭಾಷೆ’ಯೂ ಇಂಥದೇ ತಾನೇ? ‘ನೀನು ಬಾ’ ಎನ್ನಲು ‘ಕನೀಕನು ಕಬಾ’ ಎಂದು ಗಡಗಡನೆ ಹೇಳಿದರೆ ಮೇಷ್ಟರಿಗೆ ಅರ್ಥವಾಗುವುದಿಲ್ಲ ಎಂಬ ಧೈರ್ಯ! (ಅರ್ಥವಾಗುತ್ತಿತ್ತು.) ಸ್ಪೇನಿನ ಮಕ್ಕಳು ‘ಪ’ ಸೇರಿಸಿ ಇದೇ ಆಟ ಆಡುತ್ತಾರೆ, ಜರ್ಮನಿಯ ಮಕ್ಕಳಲ್ಲೂ ‘ಬ’ ಸೇರಿಸುವ ಆಟ ಇದೆ. ಮಕ್ಕಳಿದ್ದಲ್ಲಿ ಗುಟ್ಟು, ಗುಟ್ಟಿದ್ದಲ್ಲಿ ಇಂಥದೊಂದು ಭಾಷೆ. ಚಿಕ್ಕವರಿದ್ದಾಗ ಒಲವಿನ ಮಾತನ್ನು ಎಲ್ಲರೆದುರು ಹೇಳಲಾಗದೆ ಈ ಬೆತ್ ಭಾಷೆಯಲ್ಲಿ ಪಿಸುಗುಟ್ಟುತ್ತಿದ್ದುದನ್ನು ಮನೋರ್ ಅವರ ಹಾಡು ನೆನೆಯುತ್ತದೆ. ಇಷ್ಟೇ ಅದರ ವಸ್ತು.

ಆದರೆ ಇಲ್ಲಿ ಒಂದು ವಿಚಾರವನ್ನು ಗಮನಿಸಬೇಕು. ಕನ್ನಡದ ಮಕ್ಕಳಿಗೆ ಕ ಭಾಷೆ ಇರುವುದರಲ್ಲಿ ಆಶ್ಚರ್ಯವಿಲ್ಲ. ಕನ್ನಡ ಆಡುವ ಮಕ್ಕಳು ಇಲ್ಲದ ಕಾಲವೇ ಇರಲಿಲ್ಲ. ಹೀಬ್ರೂವಿನ ಕಥೆ ಹಾಗಲ್ಲ. ಕ್ರಿಸ್ತಶಕ 200ರ ಹೊತ್ತಿಗೆ ಅದು ದಿನನಿತ್ಯದ ಆಡುಮಾತಾಗಿ ಉಳಿದಿರಲಿಲ್ಲ. ಸತ್ತಿತ್ತು ಎನ್ನುವಂತಿಲ್ಲ. ಯೆಹೂದಿಗಳು ಪ್ರಾರ್ಥನೆಯಲ್ಲಿ, ಶಾಸ್ತ್ರದಲ್ಲಿ, ಕಾವ್ಯದಲ್ಲಿ, ದೂರದೂರಿನವರಿಗೆ ಬರೆಯುವ ಪತ್ರದಲ್ಲಿ ಅದನ್ನು ಬಳಸುತ್ತಲೇ ಇದ್ದರು. ನಮ್ಮಲ್ಲಿ ಸಂಸ್ಕೃತಕ್ಕೆ ಇದ್ದ ಸ್ಥಾನ ಎಂದರೆ ತಕ್ಕಮಟ್ಟಿಗೆ ಸರಿಯಾದೀತು. ಮನೆಯಲ್ಲಿ ಮಾತ್ರ ಅವರವರು ನೆಲೆಸಿದ ಸೀಮೆಗೆ ತಕ್ಕಂತೆ ಯಿಡ್ಡಿಷ್, ಲಡಿನೊ, ಅರಬ್ಬಿ, ಪಾರಸಿ. ತೊಟ್ಟಿಲಲ್ಲಿ ಹೀಬ್ರೂ ಇರಲಿಲ್ಲ, ಜಗುಲಿಯ ಆಟದಲ್ಲಿ ಇರಲಿಲ್ಲ. ಸುಮಾರು 1700 ವರ್ಷ ಹೀಗೇ ನಡೆಯಿತು.

1881ರಲ್ಲಿ ರಷ್ಯಾ ಸಾಮ್ರಾಜ್ಯದಿಂದ ಎಲಿಯೆಜರ್ ಬೆನ್ ಯೆಹೂದಾ ಎಂಬ ಯುವಕ ಪ್ಯಾಲೆಸ್ತೀನಿಗೆ ಬಂದು ಜೆರುಸಲೇಮಿನಲ್ಲಿ ನೆಲೆಸಿದ. ಆಗ ಅದು ಆಟೊಮನ್ ತುರ್ಕರ ಆಳ್ವಿಕೆಯಲ್ಲಿತ್ತು. ತನ್ನ ಮನೆಯಲ್ಲಿ ಹೀಬ್ರೂ ಬಿಟ್ಟು ಬೇರೆ ಮಾತು ಕೇಳಬಾರದು ಎಂದು ಆತ ಹಟ ಹಿಡಿದ. 1882ರಲ್ಲಿ ಹುಟ್ಟಿದ ಮಗನ ಕಿವಿಗೆ ಬೇರೆ ಭಾಷೆ ಬೀಳದಂತೆ ಕಾಯ್ದ. ತಾಯಿ ಮಗುವಿಗೆ ರಷ್ಯನ್ ಭಾಷೆಯ ಜೋಗುಳ ಹಾಡುತ್ತಿದ್ದುದನ್ನು ಕೇಳಿ ತಂದೆ ಕೆರಳಿ ಕೂಗಾಡಿದ್ದನ್ನು ಆ ಮಗನೇ ದೊಡ್ಡವನಾದ ಮೇಲೆ ಬರೆದಿದ್ದಾನೆ. ಬೆನ್ ಯೆಹೂದಾನ ಸಾಧನೆಯನ್ನು ಹೊಗಳುವವರು ಬಹಳ ಮಂದಿ. ನನಗೆ ಮಾತ್ರ ಆ ತಾಯಿಯ ನೆನಪೇ ಮೊದಲು ಬರುತ್ತದೆ. ಜೋಗುಳವೇ ಇಲ್ಲದ ಭಾಷೆಯಲ್ಲಿ ಮಗುವನ್ನು ಮಲಗಿಸುವುದು ಹೇಗೆ?

ಜೋಗುಳ ಮಾತ್ರವಲ್ಲ, ಎಷ್ಟೋ ಮಾತುಗಳೇ ಇರಲಿಲ್ಲ. ನಿಘಂಟಿಗೆ ಒಂದೇ ಪದವಿರಲಿಲ್ಲ. ‘ಮಾತು’ ಎಂಬ ಅರ್ಥದ ‘ಮಿಲಾ’ದಿಂದ ‘ಮಿಲೋನ್’ ಎಂಬ ಪದವನ್ನು ಬೆನ್ ಯೆಹೂದಾ ಕಟ್ಟಿದ. ವೃತ್ತಪತ್ರಿಕೆಗೆ ‘ಇತೋನ್’, ಐಸ್‌ಕ್ರೀಮಿಗೆ ‘ಗ್ಲಿದಾ’ ಎಂದ. ಆತನ ಮಗ ಮುಂದೆ ಪತ್ರಕರ್ತನಾಗಿ ಮೋಟಾರು ಕಾರಿಗೆ ‘ಮೆಖೋನಿತ್’ ಎಂದು ಹೆಸರಿಟ್ಟ. ತಂದೆ ಶುರು ಮಾಡಿದ ದೊಡ್ಡ ನಿಘಂಟು ಆತ ಸತ್ತ ಎಷ್ಟೋ ವರ್ಷಗಳ ಮೇಲೆ, 1959ರಲ್ಲಿ, 17 ಸಂಪುಟಗಳಲ್ಲಿ ಮುಗಿಯಿತು.

ಒಬ್ಬ ಮನುಷ್ಯ ಒಂದು ಮನೆಯಲ್ಲಿ ಹಟ ಹಿಡಿದರೆ ಒಂದು ಮಗು ಮಾತು ಕಲಿಯಬಹುದು. ಊರಿಗೆ ಊರೇ ಕಲಿಯಬೇಕಾದರೆ ಶಾಲೆ ಬೇಕು. 1886ರಲ್ಲಿ ರಿಶೋನ್ ಲೆಜಿಯೋನ್ ಎಂಬ ಹೊಸ ರೈತ ಹಳ್ಳಿಯಲ್ಲಿ ಹೀಬ್ರೂ ಮಾಧ್ಯಮದ ಶಾಲೆ ಆರಂಭವಾಯಿತು. ಇಂಥ ಶಾಲೆಗಳಲ್ಲಿ ಇದನ್ನೇ ಮೊದಲನೆಯದು ಎನ್ನುತ್ತಾರೆ. 1898ರಲ್ಲಿ ಅದೇ ಊರಿನಲ್ಲಿ ಮೊದಲ ಹೀಬ್ರೂ ಶಿಶುವಿಹಾರವೂ ಬಂತು. ಪಠ್ಯಪುಸ್ತಕಗಳಿರಲಿಲ್ಲ. ಮೇಷ್ಟರಿಗೇ ಅದು ತಾಯ್ನುಡಿಯಲ್ಲ. ಲೆಕ್ಕದ ಮಾತು, ಗಿಡಮರಗಳ ಹೆಸರು, ಆಟಕ್ಕೆ ಕರೆಯುವ ಮಾತು ಎಲ್ಲವನ್ನೂ ಹುಡುಕಿ, ಇಲ್ಲದಿದ್ದರೆ ಕಟ್ಟಿ, ಮರುದಿನ ಬೆಳಿಗ್ಗೆ ಮಕ್ಕಳ ಮುಂದೆ ನಿಲ್ಲಬೇಕು. ಕನ್ನಡ ಮಾಧ್ಯಮದಲ್ಲಿ ವಿಜ್ಞಾನ ಪಾಠ ಮಾಡಿದ ನಮ್ಮ ಹಿರಿಯ ಸಹೋದ್ಯೋಗಿಗಳಿಗೆ ಈ ಕಷ್ಟದ ರುಚಿ ಸ್ವಲ್ಪ ಗೊತ್ತು. ಮಕ್ಕಳು ಶಾಲೆಯಲ್ಲಿ ಕಲಿತ ಮಾತನ್ನು ಮನೆಗೆ ಕೊಂಡೊಯ್ದರು. ಮನೆಯಿಂದ ಶಾಲೆಗೆ ಬರಬೇಕಾದ ಭಾಷೆ ಅಲ್ಲಿ ಶಾಲೆಯಿಂದ ಮನೆಗೆ ಹೋಯಿತು.

1913ರಲ್ಲಿ ಇದು ದೊಡ್ಡ ಜಗಳಕ್ಕೇ ಬಂತು. ಹೈಫಾ ನಗರದಲ್ಲಿ ಕಟ್ಟುತ್ತಿದ್ದ ತಾಂತ್ರಿಕ ವಿದ್ಯಾಲಯದಲ್ಲಿ ವಿಜ್ಞಾನವನ್ನು ಜರ್ಮನ್ ಭಾಷೆಯಲ್ಲಿ ಕಲಿಸಬೇಕೆಂದು ಅದಕ್ಕೆ ಹಣ ಕೊಟ್ಟ ಜರ್ಮನಿಯ ಯೆಹೂದಿ ಸಂಘದವರು ತೀರ್ಮಾನಿಸಿದರು. ಅವರ ವಾದದಲ್ಲಿ ಹುರುಳಿಲ್ಲದಿರಲಿಲ್ಲ. ಆ ಕಾಲದಲ್ಲಿ ವಿಜ್ಞಾನದ ಒಳ್ಳೆಯ ಪುಸ್ತಕಗಳೆಲ್ಲ ಜರ್ಮನ್‌ನಲ್ಲಿದ್ದವು, ಹೀಬ್ರೂವಿನಲ್ಲಿ ಪಾರಿಭಾಷಿಕ ಪದಗಳೇ ಇರಲಿಲ್ಲ. ಆದರೂ ಶಿಕ್ಷಕರು ಕೆಲಸ ಬಿಟ್ಟು ಹೊರಬಂದರು, ವಿದ್ಯಾರ್ಥಿಗಳು ಮುಷ್ಕರ ಹೂಡಿದರು. 1914ರಲ್ಲಿ ಹೀಬ್ರೂ ಪರವಾಗಿ ತೀರ್ಮಾನವಾಯಿತು. ನಡುವೆ ಮಹಾಯುದ್ಧ ಬಂದು ಪಾಠ ಆರಂಭವಾದದ್ದು 1924ರಲ್ಲಿ. ಅಷ್ಟರಲ್ಲಿ ಬ್ರಿಟಿಷರು ಬಂದಿದ್ದರು. 1922ರಲ್ಲಿ ಇಂಗ್ಲಿಷ್ ಮತ್ತು ಅರಬ್ಬಿಯ ಜೊತೆಗೆ ಹೀಬ್ರೂ ಕೂಡ ಆಡಳಿತ ಭಾಷೆಯಾಯಿತು. ಅದೇ ವರ್ಷದ ಡಿಸೆಂಬರಿನಲ್ಲಿ ಬೆನ್ ಯೆಹೂದಾ ತೀರಿಕೊಂಡ.

1881ರಿಂದ 1978ಕ್ಕೆ 97 ವರ್ಷ. ಮಕ್ಕಳೇ ಇಲ್ಲದಿದ್ದ ಭಾಷೆಗೆ ಮಕ್ಕಳು ಬಂದು, ಅವರು ಅದನ್ನು ಮುರಿದು ಆಟಿಕೆ ಮಾಡಿಕೊಂಡು, ಆ ಆಟಿಕೆಯೇ ಹಾಡಾಗಿ ಯೂರೋಪಿನ ವೇದಿಕೆ ಹತ್ತಲು ಹಿಡಿದದ್ದು ಅಷ್ಟು ಕಾಲ. ಭಾಷೆಯನ್ನು ಪೂಜೆ ಮಾಡುವವನು ಅದನ್ನು ಮುರಿಯಲು ಹೆದರುತ್ತಾನೆ. ಅದರಲ್ಲೇ ಹುಟ್ಟಿದ ಮಗುವಿಗೆ ಆ ಹೆದರಿಕೆ ಇರುವುದಿಲ್ಲ. ಪಂಡಿತರ ನಿಘಂಟಿಗಿಂತ ಈ ಬೆತ್ ಭಾಷೆಯೇ ಹೀಬ್ರೂ ಬದುಕಿತು ಎಂಬುದಕ್ಕೆ ಗಟ್ಟಿ ಸಾಕ್ಷಿ ಎಂದು ನಾನು ತಿಳಿದಿದ್ದೇನೆ.

ಇದಕ್ಕೆ ತೆತ್ತ ಬೆಲೆಯನ್ನೂ ಹೇಳದಿದ್ದರೆ ಇತಿಹಾಸ ಅರ್ಧವಾಗುತ್ತದೆ. ಹೀಬ್ರೂ ಏರಿದಂತೆ ಯಿಡ್ಡಿಷ್ ಇಳಿಯಿತು. 1923ರಲ್ಲಿ ಯುವಕರು ‘ಭಾಷಾ ರಕ್ಷಕರ ದಳ’ ಎಂದು ಕಟ್ಟಿಕೊಂಡು ಬೀದಿಯಲ್ಲಿ ಯಿಡ್ಡಿಷ್ ಆಡುವವರನ್ನು ತಡೆದು, ಅಣಕಿಸಿ, ಸಭೆಗಳನ್ನು ಕೆಡಿಸಿದರು. ಅಜ್ಜಿಯ ಭಾಷೆ ಮೊಮ್ಮಕ್ಕಳಿಗೆ ನಾಚಿಕೆಯ ವಿಷಯವಾಯಿತು. 1948ರಲ್ಲಿ ಇಸ್ರೇಲ್ ಸ್ಥಾಪನೆಯಾದಾಗ ಲಕ್ಷಾಂತರ ಪ್ಯಾಲೆಸ್ತೀನಿ ಅರಬರು ಮನೆ ಹೊಲ ಬಿಟ್ಟು ನಿರಾಶ್ರಿತರಾದರು. ಅದೇ ಕಾಲಕ್ಕೆ ಅರಬ್ ದೇಶಗಳಿಂದ ಯೆಹೂದಿಗಳು ಇಸ್ರೇಲಿಗೆ ಬಂದರು. ಯೆಮೆನ್ ಒಂದರಿಂದಲೇ 1949-50ರಲ್ಲಿ ಸುಮಾರು 49,000 ಜನರನ್ನು ವಿಮಾನದಲ್ಲಿ ಕರೆತಂದರು. ಯೂರೋಪಿನಿಂದ ಬಂದವರ ಆಡಳಿತದಲ್ಲಿ ಈ ಜನರ ಅರಬ್ಬಿ ಮಾತು, ಅರಬ್ಬಿ ರಾಗ ಎರಡೂ ಹಿಂದುಳಿದವರ ಲಕ್ಷಣ ಎನಿಸಿಕೊಂಡವು. ಇಜ್ಹಾರ್ ಕೋಹೆನ್ ಹುಟ್ಟಿದ್ದು 1951ರಲ್ಲಿ, ಯೆಮೆನ್ ಮೂಲದ ಹಾಡುಗಾರರ ಕುಟುಂಬದಲ್ಲಿ. ಯಾವ ಜನರ ದನಿಗೆ ರೇಡಿಯೊದಲ್ಲಿ ಜಾಗ ಕಡಿಮೆ ಇತ್ತೋ ಆ ಜನರ ಮಗನೇ ಪ್ಯಾರಿಸ್‌ನಲ್ಲಿ ದೇಶದ ದನಿಯಾದ. ಮುಂದಿನ ವರ್ಷ ಗೆದ್ದ ಗಾಲಿ ಅತಾರಿ, 1983ರಲ್ಲಿ ಅದೇ ಮ್ಯೂನಿಕ್ ನಗರದಲ್ಲಿ ಎರಡನೆಯ ಸ್ಥಾನ ಪಡೆದ ಓಫ್ರಾ ಹಾಜಾ ಇವರೂ ಯೆಮೆನ್ ಮೂಲದವರೇ. ಓಫ್ರಾ ಹಾಡಿದ ಹಾಡಿನ ಹೆಸರು ‘ಖಾಯ್’, ಅಂದರೆ ಬದುಕಿದೆ. ಅದರ ಸಾಹಿತ್ಯವೂ ಎಹೂದ್ ಮನೋರ್ ಅವರದು.

ಈ ಮನೋರ್ ಸಾವಿರಕ್ಕೂ ಹೆಚ್ಚು ಹಾಡು ಬರೆದವರು. ಅವರ ತಮ್ಮ ಯೆಹೂದಾ 1968ರಲ್ಲಿ ಸೂಯೆಜ್ ಗಡಿಯ ಕಾಳಗದಲ್ಲಿ ಸತ್ತ. ಅವನ ನೆನಪಿಗೆ ಬರೆದ ಹಾಡನ್ನು ಇಂದಿಗೂ ಅಲ್ಲಿ ಹುತಾತ್ಮರ ದಿನ ಕೇಳುತ್ತಾರೆ. ಮಕ್ಕಳ ಆಟದ ಹಾಡು, ಸತ್ತ ತಮ್ಮನ ಹಾಡು ಎರಡೂ ಒಂದೇ ಲೇಖನಿಯಿಂದ ಬಂದವು.

1978ರ ಆ ವಸಂತವೂ ಸುಖದ ಕಾಲವಾಗಿರಲಿಲ್ಲ. ಮಾರ್ಚ್ 11ರಂದು ಪ್ಯಾಲೆಸ್ತೀನಿ ಗೆರಿಲ್ಲಾಗಳು ಕರಾವಳಿ ರಸ್ತೆಯಲ್ಲಿ ಬಸ್ಸನ್ನು ಹಿಡಿದು ಮಕ್ಕಳೂ ಸೇರಿದಂತೆ ಹಲವರನ್ನು ಕೊಂದಿದ್ದರು. ಮೂರು ದಿನದಲ್ಲಿ ಇಸ್ರೇಲ್ ಸೇನೆ ದಕ್ಷಿಣ ಲೆಬನಾನಿಗೆ ನುಗ್ಗಿತು. ಅಲ್ಲಿ ಸತ್ತವರು, ಊರು ಬಿಟ್ಟವರು ಇನ್ನೂ ಹೆಚ್ಚು. ಇದಾಗಿ ಆರು ವಾರಕ್ಕೆ ಪ್ಯಾರಿಸ್ ಸ್ಪರ್ಧೆ. ಜೋರ್ಡಾನ್ ದೇಶದ ಟೆಲಿವಿಷನ್ ಆ ರಾತ್ರಿ ಕಾರ್ಯಕ್ರಮವನ್ನು ತೋರಿಸುತ್ತಿತ್ತು. ಇಸ್ರೇಲಿನ ಸರದಿ ಬಂದಾಗ ಹಾಡಿನ ಬದಲು ಪರದೆಯ ಮೇಲೆ ಹೂಗುಚ್ಛದ ಚಿತ್ರ ಬಂತು. ಅಂಕ ಎಣಿಸುತ್ತಾ ಇಸ್ರೇಲ್ ಗೆಲ್ಲುವುದು ಖಚಿತವಾದಾಗ ಪ್ರಸಾರವನ್ನೇ ನಿಲ್ಲಿಸಿದರು. ಆಮೇಲೆ ಜೋರ್ಡಾನಿನ ಮಾಧ್ಯಮದಲ್ಲಿ ಬೆಲ್ಜಿಯಂ ಗೆದ್ದಿತೆಂದು ಸುದ್ದಿ ಬಂತು! ಎರಡನೆಯ ಸ್ಥಾನದವರಿಗೆ ಇಂಥ ಪದೋನ್ನತಿ ಬೇರೆಲ್ಲೂ ಸಿಕ್ಕಿರಲಾರದು. ನಗು ಬರುವ ಸಂಗತಿಯಾದರೂ ಅದರ ಹಿಂದಿನ ನೋವು ನಗುವಂಥದ್ದಲ್ಲ. ಪ್ಯಾಲೆಸ್ತೀನಿ ನಿರಾಶ್ರಿತರು ದೊಡ್ಡ ಸಂಖ್ಯೆಯಲ್ಲಿ ನೆಲೆಸಿದ ದೇಶ ಅದು. 2005ರಲ್ಲಿ ಲೆಬನಾನ್ ಮೊದಲ ಬಾರಿ ಭಾಗವಹಿಸಲು ಹೊರಟು, ಇಸ್ರೇಲಿನ ಹಾಡನ್ನು ಪ್ರಸಾರ ಮಾಡುವ ಭರವಸೆ ಕೊಡಲಾಗದೆ ಹಿಂದೆ ಸರಿಯಿತು. ಈಚೆಗೆ ಗಾಜಾ ಯುದ್ಧದ ಕಾಲದಲ್ಲಿ, 2024ರಲ್ಲಿ ಸ್ವೀಡನ್ನಿನ ಮಾಲ್ಮೊದಲ್ಲಿ ಸ್ಪರ್ಧೆ ನಡೆದಾಗ ಸಾವಿರಾರು ಜನ ಬೀದಿಗಿಳಿದು ಇಸ್ರೇಲ್ ಭಾಗವಹಿಸುವುದನ್ನು ವಿರೋಧಿಸಿದರು.

ಗೆದ್ದ ದೇಶವೇ ಮುಂದಿನ ವರ್ಷ ಸ್ಪರ್ಧೆ ನಡೆಸಬೇಕೆಂಬುದು ವಾಡಿಕೆ. 1979ರ ಮಾರ್ಚ್ 31ರಂದು ಜೆರುಸಲೇಮಿನಲ್ಲಿ ಸ್ಪರ್ಧೆ ನಡೆಯಿತು. ಅದಕ್ಕೆ ಐದು ದಿನ ಮುಂಚೆ ವಾಷಿಂಗ್ಟನ್ನಿನಲ್ಲಿ ಈಜಿಪ್ಟ್ ಮತ್ತು ಇಸ್ರೇಲ್ ಶಾಂತಿ ಒಪ್ಪಂದಕ್ಕೆ ಸಹಿ ಹಾಕಿದ್ದವು. ಅರಬ್ ದೇಶಗಳ ಒತ್ತಡಕ್ಕೆ ಮಣಿದು ತುರ್ಕಿ ಹಿಂದೆ ಸರಿಯಿತು. ಇಲ್ಲಿ ಒಂದು ತಮಾಷೆಯಿದೆ. ಬಣ್ಣದ ಟಿವಿ ಕೊಳ್ಳುವುದು ದುಂದುವೆಚ್ಚ, ಅದರಿಂದ ಬಡವ ಬಲ್ಲಿದರ ಅಂತರ ಹೆಚ್ಚುತ್ತದೆ ಎಂದು ಇಸ್ರೇಲ್ ಸರ್ಕಾರ ಹೊರದೇಶದಿಂದ ಬಂದ ಕಾರ್ಯಕ್ರಮಗಳ ಬಣ್ಣವನ್ನು ಅಳಿಸಿ ಪ್ರಸಾರ ಮಾಡಿಸುತ್ತಿತ್ತು. ಆ ಯಂತ್ರಕ್ಕೆ ಜನ ‘ಮೆಖಿಕೋನ್’, ಅಂದರೆ ಅಳಿಸುವ ರಬ್ಬರು ಎಂಬರ್ಥದ ಹೆಸರಿಟ್ಟಿದ್ದರು. ಅಳಿಸಿದ ಬಣ್ಣವನ್ನು ಮತ್ತೆ ತರುವ ಪೆಟ್ಟಿಗೆಯೂ ಅಂಗಡಿಯಲ್ಲಿ ಸಿಗುತ್ತಿತ್ತು! ಯೂರೋಪಿಗೆಲ್ಲ ತೋರಿಸುವ ಸ್ಪರ್ಧೆಯನ್ನು ಮಾತ್ರ ಬಣ್ಣದಲ್ಲೇ ಮಾಡಬೇಕಾಯಿತು. ನಮ್ಮ ದೂರದರ್ಶನಕ್ಕೆ 1982ರ ಏಷ್ಯನ್ ಕ್ರೀಡಾಕೂಟದಿಂದ ಬಣ್ಣ ಬಂದದ್ದನ್ನು ಹಿರಿಯ ಓದುಗರು ನೆನಪಿಸಿಕೊಳ್ಳಬಹುದು.

ಆ ವರ್ಷವೂ ಇಸ್ರೇಲೇ ಗೆದ್ದಿತು. ಹಾಡು ‘ಹಲ್ಲೆಲೂಯಾ’. ಹಾಡಿದವರು ಗಾಲಿ ಅತಾರಿ ಮತ್ತು ‘ಮಿಲ್ಕ್ ಅಂಡ್ ಹನಿ’ ತಂಡ. ದೇವರನ್ನು ಸ್ತುತಿಸಿರಿ ಎಂಬ ಅರ್ಥದ ಆ ಹೀಬ್ರೂ ಮಾತು ಮಂಗಳೂರಿನಿಂದ ಧಾರವಾಡದವರೆಗೆ ಕನ್ನಡದ ಚರ್ಚುಗಳಲ್ಲಿ ಕೇಳಿಬರುವಂಥದೇ. ಗೆಲುವಿನ ರೀತಿ ಸ್ವಾರಸ್ಯದ್ದು. ಕೊನೆಯಲ್ಲಿ ಅಂಕ ಕೊಡಬೇಕಾಗಿದ್ದ ಸ್ಪೇನ್ ದೇಶವೇ ಒಂದು ಅಂಕದಿಂದ ಮುಂದಿತ್ತು. ಸ್ಪೇನಿನ ತೀರ್ಪುಗಾರರು ಇಸ್ರೇಲಿಗೆ 10 ಅಂಕ ಕೊಟ್ಟರು. 125ಕ್ಕೆ 116, ತಮ್ಮ ಕೈಯಿಂದಲೇ ತಾವು ಸೋತರು. ಮರುವರ್ಷ ಮತ್ತೆ ಖರ್ಚು ಹೊರಲಾರೆವೆಂದು ಇಸ್ರೇಲ್ ಕೈಚೆಲ್ಲಿತು. ನೆದರ್ಲೆಂಡ್ಸ್ ಗೊತ್ತು ಮಾಡಿದ ದಿನಾಂಕ ಇಸ್ರೇಲಿನ ಹುತಾತ್ಮರ ದಿನಕ್ಕೆ ಬಂದದ್ದರಿಂದ ಭಾಗವಹಿಸಲೂ ಇಲ್ಲ. ಇಸ್ರೇಲ್ ಇಲ್ಲದ ಆ 1980ರ ವರ್ಷ ಅರಬ್ ದೇಶ ಮೊರಾಕ್ಕೊ ಬಂದು ಅರಬ್ಬಿಯಲ್ಲಿ ಹಾಡಿ, ಕೊನೆಯಿಂದ ಎರಡನೆಯದಾಗಿ ಮರಳಿತು. ಮತ್ತೆ ಬರಲಿಲ್ಲ.

ಹೀಬ್ರೂ ಹಾಡಿನ ಮೂರನೆಯ ಗೆಲುವು 1998ರಲ್ಲಿ, ಇಂಗ್ಲೆಂಡಿನ ಬರ್ಮಿಂಗ್‌ಹ್ಯಾಮ್‌ನಲ್ಲಿ. ‘ದಿವಾ’ ಹಾಡಿದ ಡಾನಾ ಇಂಟರ್‌ನ್ಯಾಷನಲ್ ಲಿಂಗ ಪರಿವರ್ತಿತ ಮಹಿಳೆ. ಪವಿತ್ರ ಭಾಷೆಯ ದೇಶವನ್ನು ಈಕೆ ಪ್ರತಿನಿಧಿಸಬಾರದೆಂದು ಸಂಪ್ರದಾಯಸ್ಥರು ಬಹಳ ಗದ್ದಲ ಮಾಡಿದರು. ಆಕೆ 172 ಅಂಕ ಪಡೆದು ಗೆದ್ದಾಗ ಟೆಲ್ ಅವೀವ್‌ನ ಜನ ರಾತ್ರಿಯೆಲ್ಲ ಬೀದಿಯಲ್ಲಿ ಕುಣಿದರು.

ಆ ಹೊತ್ತಿನವರೆಗೆ ಪ್ರತಿ ದೇಶ ತನ್ನ ಭಾಷೆಯಲ್ಲೇ ಹಾಡಬೇಕೆಂಬ ನಿಯಮವಿತ್ತು. 1977ರಿಂದ ಬಿಗಿಯಾಗಿ ನಡೆದುಬಂದ ಆ ನಿಯಮವನ್ನು 1999ರಲ್ಲಿ ತೆಗೆದರು. ಆ ಮೇಲೆ ಬಹುತೇಕ ದೇಶಗಳು ಇಂಗ್ಲಿಷಿಗೆ ಹೊರಳಿದವು. ಇಸ್ರೇಲಿನ ನಾಲ್ಕನೆಯ ಗೆಲುವು 2018ರ ಮೇ 12ರಂದು ಲಿಸ್ಬನ್‌ನಲ್ಲಿ ಬಂತು. ನೆಟ್ಟಾ ಹಾಡಿದ ‘ಟಾಯ್’ ಹಾಡಿನ ಹೆಸರೂ ಇಂಗ್ಲಿಷ್, ಸಾಹಿತ್ಯವೂ ಇಂಗ್ಲಿಷ್. ಹೀಬ್ರೂ ಎಂದು ಉಳಿದದ್ದು ಒಂದೆರಡು ಮಾತು. ಅದೇ ವರ್ಷದ ಜುಲೈ 19ರಂದು ಇಸ್ರೇಲಿನ ಸಂಸತ್ತು ಹೊಸ ಕಾನೂನೊಂದನ್ನು ಮಾಡಿ ಹೀಬ್ರೂ ಒಂದೇ ರಾಜ್ಯಭಾಷೆ ಎಂದು ಸಾರಿತು. 1922ರಿಂದ ಅದರ ಜೊತೆಗೇ ಆಡಳಿತ ಭಾಷೆಯಾಗಿದ್ದ ಅರಬ್ಬಿಗೆ ‘ವಿಶೇಷ ಸ್ಥಾನ’ವೆಂದು ಹೆಸರಿಟ್ಟು ಒಂದು ಮೆಟ್ಟಿಲು ಕೆಳಗಿಳಿಸಿತು.